ಘಾಟಬೋರಾಳದ ಮಾರ್ಗಶಿರ

ಬೀದರ ಜಿಲ್ಲೆಯಲ್ಲಿ ಹುಮನಾಬಾದ ಬಸವಕಲ್ಯಾಣಗಳ ನಡುವಣ ಸೀಮೆಯನ್ನು ಬೇಸಗೆಯಲ್ಲಿ ಕಂಡವರು ಮತ್ತೊಮ್ಮೆ ಅತ್ತ ಹೋಗಲೊಲ್ಲರು. ಮಾರ್ಗಶಿರದಲ್ಲಿ ಕಂಡವರು ಅಲ್ಲಿಂದ ಹೊರಡಲೊಲ್ಲರು. ಸಮುದ್ರಮಟ್ಟಕ್ಕೆ ೬೦೦ ಮೀಟರಿಗೂ ಹೆಚ್ಚು ಎತ್ತರವಾದ ಈ ಪ್ರಸ್ಥಭೂಮಿಯಲ್ಲಿ ಡಿಸೆಂಬರ್ ತಿಂಗಳು ಬಂದಿತೆಂದರೆ ಗಾಳಿಗೆ ಹರಿತವುಂಟಾಗುವುದು. ಕೆಲವು ರಾತ್ರಿಗಳಲ್ಲಿ ಉಷ್ಣತೆಯು ೧೦ ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಬೆಳಗಿನ ಜಾವ ಮಂಜು ಹೊಲಗಳ ಮೇಲೆ ಹಚ್ಚಡದಂತೆ ಹಾಸಿರುವುದು. ಸೂರ್ಯನು ಒಂದು ಮಾರು ಏರಿದ ಮೇಲೆ ಅದು ಮೆಲ್ಲಗೆ ಸರಿದು, ಎರೆಯ ನೆಲದಲ್ಲಿ ಎದೆಮಟ್ಟ ಬೆಳೆದುನಿಂತ ಬಿಳಿಜೋಳವೂ, ಹೂಬಿಟ್ಟ ಕುಸುಬಿಯೂ, ಕಾಯಿ ತುಂಬಿದ ತೊಗರಿಯೂ ಒಂದೊಂದಾಗಿ ಕಾಣತೊಡಗುವುವು. ಮಾಸಗಳಲ್ಲಿ ಮಾರ್ಗಶೀರ್ಷವೇ ತಾನೆಂದು ಭಗವಂತನು ಗೀತೆಯಲ್ಲಿ ಹೇಳಿದುದರ ಅರ್ಥವನ್ನು ನಾವು ಪಾಠಶಾಲೆಯಲ್ಲಿ ಭಾಷ್ಯಗಳಿಂದ ತಿಳಿದೆವು. ಕಣ್ಣಿನಿಂದ ತಿಳಿದದ್ದು ಈ ಸೀಮೆಯಲ್ಲಿ.

ಘಾಟಬೋರಾಳವು ಇಲ್ಲಿಯ ಒಂದು ಗ್ರಾಮ. ದೊಡ್ಡ ಕ್ಷೇತ್ರವಲ್ಲ; ಯಾತ್ರಿಕರು ಅದನ್ನು ಅರಸಿಕೊಂಡು ಬರುವುದಿಲ್ಲ. ಬಂದವರಿಗೆ ಮೊದಲು ಕಿವಿಗೆ ಬೀಳುವುದು ಭಾಷೆಗಳ ಬೆರಕೆ. ಮನೆಯಲ್ಲಿ ಕನ್ನಡ, ಭಜನೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಉರ್ದು, ಇವು ಮೂರೂ ಒಂದೇ ನಾಲಿಗೆಯ ಮೇಲೆ ತೊಡರಿಲ್ಲದೆ ಹರಿಯುವುವು. ೧೯೪೮ರ ಸೆಪ್ಟೆಂಬರದ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ ೧ರಂದು ಮೈಸೂರು ರಾಜ್ಯಕ್ಕೆ ಸೇರಿದ ನಾಡು ಇದು. ಹಳೆಯ ಬೀದರ ಜಿಲ್ಲೆಯ ಕೆಲವು ಭಾಗಗಳು ಅಂದೇ ನೆರೆಯ ಪ್ರಾಂತಗಳ ಪಾಲಾದುವು. ನಕಾಶೆಯ ಮೇಲೆ ಗೆರೆ ಎಳೆದವರು ಹಬ್ಬಗಳ ಮೇಲೆ ಎಳೆಯಲಾರದೆ ಹೋದರು. ಲಾತೂರಿನವರೂ ಬೀದರದವರೂ ಇಂದಿಗೂ ಒಂದೇ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗುವರು. ಆ ಅಮಾವಾಸ್ಯೆಯ ಮಾತು ಮುಂದೆ ಬರುವುದು.

ನಮ್ಮ ಅಕ್ಕನವರನ್ನು ಈ ಊರಿಗೆ ಕೊಟ್ಟು ನಾಲ್ವತ್ತೇಳು ವರುಷಗಳಾದುವು. ಶಾಲೆಗೆ ನಾತಾಳ ಹಬ್ಬದ ರಜೆ ಬಂದೊಡನೆ ಅಲ್ಲಿಗೆ ಹೋಗುವುದು ನಮ್ಮ ರೂಢಿ. ನಿವೃತ್ತರಾದ ಮೇಲೆ ರಜೆಯ ಕಟ್ಟು ತಪ್ಪಿ, ಮಾರ್ಗಶಿರ ಶುದ್ಧ ದಶಮಿಗೇ ಹೋಗಿ ಇಡೀ ತಿಂಗಳು ಇರತೊಡಗಿದೆವು. ೨೦೨೨ರ ಡಿಸೆಂಬರದಲ್ಲಿಯೂ ಹಾಗೆಯೇ ಹೋಗಿದ್ದೆವು. ಆ ವರುಷ ಏಕಾದಶಿಯು ೩ನೆಯ ತಾರೀಖಿಗೂ, ದತ್ತಜಯಂತಿಯ ಹುಣ್ಣಿಮೆಯು ೭ಕ್ಕೂ, ಎಳ್ಳಮಾವಾಸ್ಯೆಯು ೨೩ಕ್ಕೂ ಬಂದು, ತಿಂಗಳಿನ ಹಬ್ಬಗಳೆಲ್ಲವೂ ಇಂಗ್ಲೀಷ್ ಡಿಸೆಂಬರದ ಒಳಗೇ ಅಡಗಿದ್ದುವು.

ಮೊದಲನೆಯ ಹಬ್ಬವು ಊರಿನಲ್ಲಿ ಅಲ್ಲ, ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ. ವಿರಜಾ ಗುರುಗಂಗೆಗಳೆಂಬ ಎರಡು ಹೊಳೆಗಳ ಸಂಗಮದಲ್ಲಿ ಮಾಣಿಕಪ್ರಭುಗಳು ೧೮೪೫ರಲ್ಲಿ ನೆಲೆಸಿದರು. ಅವರಿಂದಲೇ ಆ ಸ್ಥಳಕ್ಕೆ ಹೆಸರಾಯಿತು. ಪ್ರಭುಗಳು ಹುಟ್ಟಿದ್ದು ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ, ೧೮೧೭ನೆಯ ಇಸವಿಯ ಡಿಸೆಂಬರ ೨೨ರಂದು, ಅಂದು ದತ್ತಜಯಂತಿ. ಅವರ ಮತಕ್ಕೆ ಸಕಲಮತವೆಂದು ಹೆಸರು. ಯಾವ ಮತವನ್ನೂ ಹಳಿಯದೆ ಎಲ್ಲದರಲ್ಲಿಯೂ ಒಂದೇ ಚೈತನ್ಯವನ್ನು ಕಾಣುವುದು ಅದರ ತಿರುಳು. ಮರಾಠಿ, ಕನ್ನಡ, ಹಿಂದುಸ್ತಾನಿ, ಸಂಸ್ಕೃತಗಳಲ್ಲಿ ಅವರು ಪದಗಳನ್ನು ಕಟ್ಟಿರುವರು. ಲಿಂಗವಂತರು ಅವರಲ್ಲಿ ಬಸವಣ್ಣನನ್ನು ಕಂಡರು. ಮುಸಲ್ಮಾನರು ತಮ್ಮ ವಲಿಯೊಬ್ಬರನ್ನು ಕಂಡರು. ಬ್ರಾಹ್ಮಣರಿಗೆ ಅವರು ದತ್ತಾತ್ರೇಯರೇ ಆದರು. ಜಯಂತಿಯ ಕಾಲದಲ್ಲಿ ಅಲ್ಲಿ ದರ್ಬಾರು ನಡೆಯುವುದು. ಸಂಗೀತಗಾರರು ದೂರದೂರಿಂದ ಬಂದು ಸೇವೆ ಸಲ್ಲಿಸುವರು. ನಮ್ಮ ಭಾವನವರು ಹುಡುಗರಾಗಿದ್ದಂದಿನಿಂದ ಒಂದು ವರುಷವೂ ತಪ್ಪಿಸಿದವರಲ್ಲ.

ಈ ಉತ್ಸವದಲ್ಲಿ ಒಂದು ವಿಶೇಷವುಂಟು. ಪ್ರಭುಗಳು ದೇಹವನ್ನು ಬಿಟ್ಟದ್ದೂ ಇದೇ ಮಾಸದಲ್ಲಿ. ೧೮೬೫ರ ನವೆಂಬರ ೨೯ರಂದು, ಮಾರ್ಗಶಿರ ಶುದ್ಧ ಏಕಾದಶಿಯ ದಿನ, ತಮ್ಮ ನಾಲ್ವತ್ತೆಂಟನೆಯ ವಯಸ್ಸಿನಲ್ಲಿ ಅವರು ಸಮಾಧಿಸ್ಥರಾದರು. ಅವರ ಚರಿತ್ರೆಯನ್ನು ಹೇಳುವವರ ಮಾತಿನಂತೆ, ಜಯಂತಿಗೆಂದು ಸಾವಿರಾರು ಭಕ್ತರು ಆಗಲೇ ನೆರೆದಿದ್ದರು. ಉತ್ಸವಕ್ಕೆ ಭಂಗ ಬರಬಾರದೆಂಬುದು ಪ್ರಭುಗಳ ಇಚ್ಛೆಯಾಗಿದ್ದುದರಿಂದ ಸಮಾಧಿಯ ಸಂಗತಿಯನ್ನು ನಾಲ್ಕಾರು ಜನ ಆಪ್ತರಲ್ಲಿಯೇ ಗುಟ್ಟಾಗಿಟ್ಟು, ಹುಣ್ಣಿಮೆಯ ವರೆಗೆ ಪೂಜೆ ಭಜನೆ ಅನ್ನಸಂತರ್ಪಣೆಗಳನ್ನು ಎಂದಿನಂತೆಯೇ ನಡೆಯಿಸಿದರಂತೆ. ಒಳಗೆ ದುಃಖವನ್ನು ನುಂಗಿ ಹೊರಗೆ ಬಂದು ಎಲೆಗೆ ಬಡಿಸಿದ ಆ ನಾಲ್ಕಾರು ಜನರನ್ನು ನಾವು ಅನೇಕ ವೇಳೆ ನೆನೆದದ್ದುಂಟು. ಅಂದಿನಿಂದ ಅಲ್ಲಿ ಪುಣ್ಯತಿಥಿಯೂ ಜಯಂತಿಯೂ ಒಂದೇ ಉತ್ಸವದ ಎರಡು ತುದಿಗಳಾಗಿವೆ. ನಡುವೆ ನಾಲ್ಕೇ ದಿನಗಳ ಅಂತರ. ಏಕಾದಶಿಯ ದಿನ ಭಾವನವರೊಡನೆ ನಾವು ಮಾಣಿಕನಗರಕ್ಕೆ ಹೋಗಿ, ಸಮಾಧಿಯ ದರ್ಶನ ಮಾಡಿ, ಸಂಜೆಗೆ ಹಿಂದಿರುಗಿದೆವು. ಹುಣ್ಣಿಮೆಗೆ ಮನೆಮಂದಿಯೆಲ್ಲ ಹೋಗತಕ್ಕದ್ದೆಂದು ಗೊತ್ತಾಗಿತ್ತು.

ಚಳಿಗಾಲದಲ್ಲಿ ಈ ಊರಿನ ಮಕ್ಕಳಿಗೆ ಇರುವ ಸುಖವು ಯಾವ ಪಟ್ಟಣದ ಮಕ್ಕಳಿಗೂ ಇಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಬೆಳಗಾಗುವುದಕ್ಕೆ ಮುಂಚೆ ಓಣಿಯ ಮೂಲೆಯಲ್ಲಿ ತೊಗರಿಕಟ್ಟಿಗೆಯ ಬೆಂಕಿ ಹೊತ್ತುವುದು. ಕೌದಿ ಹೊದೆದ ಮುದುಕರು ಒಂದು ಕಡೆ, ಮೂಗು ಕೆಂಪಾದ ಮಕ್ಕಳು ಒಂದು ಕಡೆ. ಅಂಗೈ ಕಾಯಿಸಿ ಕೆನ್ನೆಗೆ ಒತ್ತಿಕೊಳ್ಳುವುದು, ಬಾಯಿಂದ ಹೊಗೆ ಬಿಟ್ಟು ತಾವೂ ಚಿಲುಮೆ ಸೇದಿದಂತೆ ನಟಿಸುವುದು, ಹೊಲದಿಂದ ಕಿತ್ತು ತಂದ ಹಸಿ ಕಡಲೆಯ ಗಿಡವನ್ನು ಹಾಗೆಯೇ ಬೆಂಕಿಗೆ ಹಿಡಿದು, ಕರಿಯಾದ ಕಾಯಿಗಳನ್ನು ಬೂದಿಯಿಂದ ಆರಿಸಿ ತಿಂದು ತುಟಿಯೆಲ್ಲ ಮಸಿ ಮಾಡಿಕೊಳ್ಳುವುದು, ಇವೆಲ್ಲ ಬೆಳಗಿನ ವಿದ್ಯೆ. ಜೋಳದ ತೆನೆಗೆ ಹಾಲು ತುಂಬಿತೆಂದರೆ ಸೀತನಿಯ ಕಾಲ. ಹೊಲದಲ್ಲಿ ಕುಳಿ ತೋಡಿ, ಕುಳ್ಳು ಉರಿಸಿ, ಕೆಂಡದಲ್ಲಿ ತೆನೆಯನ್ನು ಸುಟ್ಟು, ಬಿಸಿ ಇರುವಾಗಲೇ ಅಂಗೈಗಳಲ್ಲಿ ಉಜ್ಜಿದರೆ ಹಸಿರು ಮುತ್ತುಗಳು ಉದುರುವುವು. ಬೆಲ್ಲವೊಂದಿಷ್ಟು, ಶೇಂಗಾಚಟ್ನಿ ಒಂದಿಷ್ಟು. ವಾಚಕರಲ್ಲಿ ಯಾರಾದರೂ ಇದನ್ನು ತಿನ್ನದವರಿದ್ದರೆ ಅವರಿಗೆ ವರ್ಣಿಸಿ ಹೇಳುವುದು ವ್ಯರ್ಥ. ತಿಂದವರಿಗೆ ಹೇಳಬೇಕಾದುದೇ ಇಲ್ಲ.

ಈ ವಿದ್ಯೆಗಳಲ್ಲಿ ಓಣಿಯ ಮಕ್ಕಳಿಗೆಲ್ಲ ಗುರುಗಳು ನಮ್ಮ ಭಾವನವರೇ. ಎಪ್ಪತ್ತನಾಲ್ಕು ವರುಷದ ಹಿರಿಯರು, ಐದು ಎಕರೆ ಎರೆಯ ಹೊಲದ ಒಕ್ಕಲುತನ. ಮಗನು ಹೈದರಾಬಾದಿನಲ್ಲಿ ನೌಕರಿಯ ಮೇಲಿರುವನು. ಮಗಳ ಮಗಳೊಬ್ಬಳು, ಹತ್ತು ವರುಷದವಳು, ಅಜ್ಜ ಅಜ್ಜಿಯರ ಬಳಿಯಲ್ಲಿಯೇ ಬೆಳೆದು ಊರ ಶಾಲೆಗೆ ಹೋಗುತ್ತಿರುವಳು. ಅಜ್ಜನು ಹೊಲಕ್ಕೆ ಹೊರಟನೆಂದರೆ ಈ ಹುಡುಗಿಯು ಮುಂದೆ. ಕೈಯಲ್ಲಿ ಒಂದು ಕೋಲು.

ಡಿಸೆಂಬರ ೫ರ ಸೋಮವಾರ, ತ್ರಯೋದಶಿ. ಬೆಳಗಿನ ಬೆಂಕಿಯ ಬಳಿ ಕುಳಿತಿದ್ದಂತೆಯೇ ಭಾವನವರು ಎದೆಗೆ ಕೈಯಿಟ್ಟುಕೊಂಡರು. ನೆರೆಯವರ ವಾಹನವು ಹುಮನಾಬಾದ ಸೇರುವುದರೊಳಗಾಗಿಯೇ ಎಲ್ಲವೂ ಮುಗಿದಿತ್ತು. ಮಧ್ಯಾಹ್ನಕ್ಕೆ ಮಗನು ಹೆಂಡತಿಮಕ್ಕಳೊಡನೆ ಬಂದನು, ಸಂಜೆಯೊಳಗೆ ಸಂಸ್ಕಾರವಾಯಿತು. ಹುಣ್ಣಿಮೆಯ ರಾತ್ರಿ ಊರ ಭಜನೆಯವರು ಮಾಣಿಕನಗರಕ್ಕೆ ಹೊರಟವರು ನಮ್ಮ ಮನೆಯ ಮುಂದೆ ಬಂದಾಗ ತಾಳವನ್ನು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಹಿಡಿದುಕೊಂಡರು. ಆ ನಡುವಣ ಮೌನವನ್ನು ಒಳಗಿದ್ದ ನಾವೆಲ್ಲರೂ ಕೇಳಿದೆವು.

ಯಾಜ್ಞವಲ್ಕ್ಯಸ್ಮೃತಿಯ ಮೂರನೆಯ ಅಧ್ಯಾಯವು ಆಶೌಚಪ್ರಕರಣದಿಂದಲೇ ಆರಂಭವಾಗುವುದು. ಅದನ್ನು ಎಷ್ಟೋ ಸಲ ಓದಿದ್ದ ನಮಗೆ ಅದರ ಅಕ್ಷರಗಳು ಈ ಊರಿನ ಅಂಗಳದಲ್ಲಿ ಎದ್ದು ನಡೆಯುವುದನ್ನು ನೋಡುವ ಯೋಗ ಬಂದಿತು. ದಹನವಾಗಿ ನೀರು ಬಿಟ್ಟು ಬಂದವರನ್ನು ಹಿರಿಯರು ಎಳೆಯ ಹುಲ್ಲಿನ ಮೇಲೆ ಕುಳ್ಳಿರಿಸಿ, ಹಳೆಯ ಕಥೆಗಳನ್ನು ಹೇಳಿ ದುಃಖವನ್ನು ಮರೆಯಿಸಬೇಕೆಂದು ಸ್ಮೃತಿಕಾರನು ಹೇಳಿದ್ದಾನೆ. ಅತ್ತರೆ ಆ ಕಣ್ಣೀರನ್ನು ಸತ್ತವನೇ ನಿರುಪಾಯನಾಗಿ ಉಣ್ಣಬೇಕಾಗುವುದು, ಆದುದರಿಂದ ಅಳಬೇಡಿರೆಂದು ಎಚ್ಚರಿಸಿದ್ದಾನೆ. ಬಳಿಕ ಮಕ್ಕಳನ್ನು ಮುಂದೆ ಮಾಡಿಕೊಂಡು ಮನೆಗೆ ಹೋಗಬೇಕು. ಬಾಗಿಲಲ್ಲಿ ಬೇವಿನೆಲೆಯನ್ನು ಕಚ್ಚಬೇಕು. ಬೆಂಕಿ ನೀರು ಸಗಣಿ ಬಿಳಿಸಾಸಿವೆಗಳನ್ನು ಮುಟ್ಟಿ, ಕಲ್ಲಿನ ಮೇಲೆ ಮೆಲ್ಲಗೆ ಕಾಲಿಟ್ಟು ಒಳಗೆ ಬರಬೇಕು. ಒಂದು ದಿನ ಮಣ್ಣಿನ ಪಾತ್ರೆಯಲ್ಲಿ ನೀರನ್ನೂ ಹಾಲನ್ನೂ ತೂಗಹಾಕಬೇಕು. ಕೊಂಡದ್ದನ್ನೋ ಇತರರು ಕೊಟ್ಟದ್ದನ್ನೋ ಉಂಡು ನೆಲದ ಮೇಲೆ ಮಲಗಬೇಕು. ಘಾಟಬೋರಾಳದಲ್ಲಿ ಈ ಗ್ರಂಥವನ್ನು ಓದಿದವರು ನಮ್ಮ ಹೊರತು ಯಾರೂ ಇರಲಿಕ್ಕಿಲ್ಲ. ಆದರೂ ಬಾಗಿಲಲ್ಲಿ ಬೇವಿನ ಸೊಪ್ಪು ಸಿದ್ಧವಾಗಿತ್ತು. ಒಲೆ ಹೊತ್ತದ ಮನೆಗೆ ಮೂರು ದಿನ ಮೂರು ಓಣಿಗಳಿಂದ ರೊಟ್ಟಿಯ ಬುಟ್ಟಿಗಳು ತಾವಾಗಿಯೇ ಬಂದುವು. ಮೂರನೆಯ ದಿನ ಬಂದ ಪಲ್ಯದಲ್ಲಿ ಬೆಳ್ಳುಳ್ಳಿಯನ್ನು ಬಿಟ್ಟಿದ್ದರು. ನಾವು ತಿನ್ನುವುದಿಲ್ಲವೆಂಬುದನ್ನು ದರ್ಜಿಯ ಕೆಲಸ ಮಾಡುವ ಮುಸಲ್ಮಾನರ ಮನೆಯ ಹೆಂಗಸರು ತಿಳಿದಿದ್ದರು.

ಮಕ್ಕಳ ವಿಷಯವೇ ತೊಡಕಾಗಿದ್ದಿತು. ಹೈದರಾಬಾದಿನ ಇಬ್ಬರು ಹುಡುಗರೂ ಅಜ್ಜನ ಸಾವಿಗೆ ಬಂದವರು, ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದು, ಮೂರನೆಯ ದಿನ ಬೆಂಕಿಯ ಬಳಿ ಕಡಲೆ ಸುಡುತ್ತ ನಗತೊಡಗಿದರು. ಸೂತಕದ ಮನೆಯಲ್ಲಿ ನಗೆಯೇ ಎಂದು ಬಂಧುಗಳೊಬ್ಬರು ಗದರಿದರು. ಆ ಹುಡುಗಿಯಾದರೋ ನಗಲೂ ಇಲ್ಲ, ಅಳಲೂ ಇಲ್ಲ. ಅಜ್ಜನ ಕೋಲನ್ನು ಕಂಬಕ್ಕೆ ಆನಿಸಿಟ್ಟು ಅದರ ಬಳಿಯಲ್ಲಿ ಕುಳಿತಿರುವಳು. ನಮ್ಮ ಅಕ್ಕನವರು ಒಳಗಿನಿಂದಲೇ, “ನಗಲಿ ಬಿಡ್ರಿ. ಅವರು ನಕ್ಕರ ಅವರಿಗೆ ಸಿಟ್ಟು ಬರೂದಿಲ್ಲ” ಎಂದರು. ‘ಅವರಿಗೆ’ ಎಂದರೆ ಯಾರಿಗೆಂದು ಯಾರೂ ಕೇಳಲಿಲ್ಲ.

ಹತ್ತನೆಯ ದಿನ ಕಳೆದ ಬಳಿಕ, ಮುಂದಿನ ಕರ್ಮಗಳ ಸಾಮಗ್ರಿಗಾಗಿ ನಾವು ಬಸವಕಲ್ಯಾಣಕ್ಕೆ ಹೋಗಬೇಕಾಯಿತು. ಪೇಟೆಯ ಕೆಲಸವನ್ನು ಬೇಗ ಮುಗಿಸಿ ಕೋಟೆಯ ಕಡೆ ಹೋದೆವು. ಹನ್ನೊಂದನೆಯ ಶತಮಾನದಲ್ಲಿ ಮೊದಲನೆಯ ಸೋಮೇಶ್ವರನು ರಾಜಧಾನಿ ಮಾಡಿಕೊಂಡ ಕಲ್ಯಾಣ ಇದೇ. ೧೦೭೬ರಿಂದ ೧೧೨೬ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದದ್ದು ಇಲ್ಲಿಯೇ. ಗ್ರಂಥದ ಕೊನೆಯಲ್ಲಿ ಅವನು ತನ್ನ ರಾಜನನ್ನೂ ಈ ಪಟ್ಟಣವನ್ನೂ ಹೃದಯ ತುಂಬಿ ಹೊಗಳಿದ್ದಾನೆ. ದಾಯಭಾಗದ ವಿಷಯದಲ್ಲಿ ಬಂಗಾಳವೊಂದನ್ನು ಬಿಟ್ಟು ಬಹುಮಟ್ಟಿಗೆ ಇಡೀ ಭರತಖಂಡವೇ ಆ ಗ್ರಂಥವನ್ನು ಪ್ರಮಾಣವೆಂದು ಒಪ್ಪಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಸಾಹೇಬನು ಆ ಭಾಗವನ್ನು ಇಂಗ್ಲೀಷಿಗೆ ತಂದ ಮೇಲೆ ನ್ಯಾಯಾಲಯಗಳಲ್ಲಿ ವಕೀಲರೆಲ್ಲ ಅದನ್ನೇ ಹಿಡಿದು ವಾದಿಸಿದರು. ಹೊಲಮನೆಗಳನ್ನು ಹಂಚುವ ಪುಟಗಳು ಅಷ್ಟು ಬೆರಳುಗಳಿಂದ ಸವೆದುಹೋದುವು. ಅದೇ ಗ್ರಂಥದಲ್ಲಿ ಮಕ್ಕಳನ್ನು ಮುಂದೆ ಮಾಡಿಕೊಂಡು ಮನೆಗೆ ಹೋಗಿರೆನ್ನುವ ಪುಟವನ್ನು ಯಾವ ವಕೀಲನೂ ತೆರೆದಂತೆ ಕಾಣೆವು. ಅದರಿಂದ ಫೀಸು ಹುಟ್ಟಲಾರದಷ್ಟೆ.

ವಿಚಿತ್ರವೇನೆಂದರೆ, ಮಿತಾಕ್ಷರೆಯು ಹುಟ್ಟಿ ನೂರು ವರುಷವಾಗುವುದರೊಳಗಾಗಿಯೇ, ಇದೇ ಪಟ್ಟಣದಲ್ಲಿ, ಬಿಜ್ಜಳನ ಕಾಲದಲ್ಲಿ, ಬಸವಾದಿ ಶರಣರು ಸೂತಕವೆಂಬುದೇ ಇಲ್ಲವೆಂದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವನ್ನು ಧರಿಸಿದವನಿಗೆ ಸಲ್ಲವೆಂಬುದು ಅವರ ನಿಲುವು. ಮರಣವು ಲಿಂಗೈಕ್ಯವಾದ ಮೇಲೆ ಅಶುದ್ಧಿ ಎಲ್ಲಿಯದು? ೨೦೧೨ರಲ್ಲಿ ಇಲ್ಲಿ ನಿಲ್ಲಿಸಿದ ೧೦೮ ಅಡಿ ಎತ್ತರದ ಬಸವಣ್ಣನವರ ಮೂರ್ತಿಯನ್ನು ನೋಡಲು ಜನರು ಬರುತ್ತಿರುವರು. ವಿಜ್ಞಾನೇಶ್ವರನನ್ನು ಕೇಳುವವರು ಕಡಮೆ. ನಾವು ಸಂಸ್ಕೃತ ಓದಿದವರಾದುದರಿಂದ ನಮಗೆ ಸ್ವಲ್ಪ ಪಕ್ಷಪಾತವಿರಬಹುದು. ಆದರೂ ಒಂದು ಊರಿನ ನೀರು ಕುಡಿದು ಇಷ್ಟು ಬೇರೆಯಾದ ಎರಡು ಉತ್ತರಗಳು ಹೊರಟುವಲ್ಲಾ ಎಂದು ಬೆರಗಾಗುತ್ತ ಸಂಜೆಯ ಬಸ್ಸನ್ನು ಹಿಡಿದೆವು. ಎಂಟು ದಿನಗಳೊಳಗಾಗಿ ಆ ಎರಡು ಉತ್ತರಗಳೂ ನಮ್ಮ ಅಕ್ಕನ ಪಡಸಾಲೆಯಲ್ಲಿ ಎದುರುಬದುರಾಗಿ ಕುಳಿತುವು.

ಎಳ್ಳಮಾವಾಸ್ಯೆಯು ಈ ಸೀಮೆಯ ಒಕ್ಕಲಿಗರಿಗೆ ಎಲ್ಲಕ್ಕಿಂತ ದೊಡ್ಡ ಹಬ್ಬ. ಅಂದು ಊರು ಬರಿದಾಗಿ ಹೊಲಗಳು ತುಂಬುವುವು. ಹಿಂದಿನ ದಿನವೇ ಹೆಂಗಸರು ಭಜ್ಜಿಗೆ ತೊಡಗುವರು. ಪಟ್ಟಣದಲ್ಲಿ ಎಣ್ಣೆಯಲ್ಲಿ ಕರಿದುದನ್ನು ಭಜಿಯೆನ್ನುವರಲ್ಲ, ಅದಲ್ಲ ಇದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಗಜ್ಜರಿ, ಬದನೆ, ಆ ಕಾಲಕ್ಕೆ ಹೊಲದಲ್ಲಿ ಏನೇನು ಹಸಿರಾಗಿದೆಯೋ ಅದನ್ನೆಲ್ಲ ಕೂಡಿಸಿ, ಕಡಲೆಹಿಟ್ಟು ಹುಣಸೆಹುಳಿಗಳನ್ನು ಹಾಕಿ ಕುದಿಸಿದ ಗಟ್ಟಿಯಾದ ಪಲ್ಯ. ಅದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಬಾನ, ಶೇಂಗಾಹೋಳಿಗೆ, ಗಡಿಗೆಯಲ್ಲಿ ಹುಳಿಯಿಟ್ಟ ಮಜ್ಜಿಗೆಯ ಅಂಬಲಿ. ಹೊಲದ ನಡುವೆ ಜೋಳದ ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂಡಿಸಿ ಪೂಜಿಸುವರು. ರಾಜ್ಯವನ್ನು ಕಳೆದುಕೊಂಡು ಹನ್ನೆರಡು ವರುಷ ಅಡವಿಯಲ್ಲಿ ಅಲೆದವರನ್ನೇ ಹೊಲದ ಕಾವಲಿಗೆ ಆರಿಸಿದವರು ಬುದ್ಧಿವಂತರು. ನೆಲದ ಬೆಲೆಯನ್ನು ಅವರಿಗಿಂತ ಬಲ್ಲವರಾರು? ಪೂಜೆಯಾದ ಮೇಲೆ ಚರಗ. ಅಡಿಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು, ಒಬ್ಬನು ಚೆಲ್ಲುತ್ತ ಮುಂದೆ, ಮತ್ತೊಬ್ಬನು ನೀರು ಚಿಮುಕಿಸುತ್ತ ಹಿಂದೆ, ಹೊಲದ ಎಲ್ಲೆಯುದ್ದಕ್ಕೂ ಒಂದು ಸುತ್ತು ಬರುವರು. ಯಜ್ಞದ ಚರುವೇ ಒಕ್ಕಲಿಗರ ಬಾಯಲ್ಲಿ ಚರಗವಾಯಿತೆಂದು ನಮಗೆ ತೋರುವುದು. ಭಾಷಾಶಾಸ್ತ್ರಜ್ಞರು ಒಪ್ಪದಿದ್ದರೆ ನಮ್ಮದೇನೂ ಹಟವಿಲ್ಲ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿಗಳು ಬೆಳೆಯ ಹುಳುಗಳನ್ನೂ ತಿನ್ನುವುವೆಂದು ಕೆಲವರು ಯುಕ್ತಿ ಹೇಳುವರು. ಹೆಂಗಸರಿಗೆ ಆ ಯುಕ್ತಿ ಬೇಕಿಲ್ಲ. ತೆನೆಯು ಹಾಲು ತುಂಬಿ ನಿಂತಾಗ ಭೂಮಿಯು ಬಸುರಿ, ಬಸುರಿಯ ಬಯಕೆಯನ್ನು ತೀರಿಸಬೇಕು, ಅಷ್ಟೇ.

ಈಗ ಪ್ರಶ್ನೆಯೇನೆಂದರೆ, ಯಜಮಾನನು ಹೋಗಿ ಹದಿನೆಂಟು ದಿನಗಳಾದ ಮನೆಯಿಂದ ಚರಗ ಹೊರಡಬೇಕೆ ಬೇಡವೆ? ಭಾವನವರ ದಾಯಾದಿಗಳಲ್ಲಿ ಹಿರಿಯರೊಬ್ಬರು ಬೇಡವೆಂದರು. ವರ್ಷಾಬ್ದಿಕವಾಗುವ ವರೆಗೆ ಹಬ್ಬವಿಲ್ಲ, ಹೋಳಿಗೆಯಿಲ್ಲ, ಹೊಸ ಬಟ್ಟೆಯಿಲ್ಲ, ಆಚಾರ ಹಾಗಿದೆ. ಅವರು ತಪ್ಪು ಹೇಳಲಿಲ್ಲ. ಮಗನಿಗೂ ಅದು ಸುಲಭವಾಗಿ ಕಂಡಿತು. ಹೊಲದ ಎಲ್ಲೆ ಅವನಿಗೆ ನೆಟ್ಟಗೆ ತಿಳಿಯದು. ಹುಡುಗನಾಗಿದ್ದಾಗಲೇ ಓದಲು ಹೋದವನು. ಹೊಲವನ್ನು ಕೊಟ್ಟುಬಿಟ್ಟು ತಾಯಿಯನ್ನು ಹೈದರಾಬಾದಿಗೆ ಕರೆದೊಯ್ಯುವ ಮಾತನ್ನೂ ಆಗಲೇ ಒಂದೆರಡು ಸಲ ಆಡಿದ್ದನು. ಚರಗ ಈ ವರುಷ ನಿಂತರೆ ಮುಂದಿನ ವರುಷ ಚೆಲ್ಲುವುದಕ್ಕೆ ಹೊಲವೇ ಇರಲಿಕ್ಕಿಲ್ಲವೆಂಬುದನ್ನು ಪಡಸಾಲೆಯಲ್ಲಿದ್ದ ಎಲ್ಲರೂ ಬಲ್ಲರು, ಬಾಯಿಬಿಟ್ಟು ಹೇಳಿದವರಿಲ್ಲ.

ಪಕ್ಕದ ಹೊಲದ ಲಿಂಗವಂತ ಒಕ್ಕಲಿಗರು ಕಂಬಕ್ಕೆ ಒರಗಿ ಕುಳಿತಿದ್ದರು. “ಮಾಸ್ತರ್ರೇ, ನಮ್ಮಲ್ಲಿ ಸೂತಕ ಹಿಡಿ‍ಯೂದಿಲ್ರಿ. ಹಂಗಂತ ನೀವೂ ಬಿಡ್ರಿ ಅಂತ ನಾ ಹ್ಯಾಂಗ ಹೇಳಲಿ? ಅಡಿಗಿ ಅಂತೂ ನಮ್ಮ ಮನಿಯಿಂದ ಬರ್ತದ, ಚಿಂತಿ ಮಾಡಬ್ಯಾಡ್ರಿ” ಎಂದರು. ಅವರ ತಾಯಿ, ತೊಂಬತ್ತರ ಸಮೀಪದ ಮುದುಕಿ, ಕೇಳದ ಕಿವಿಯಲ್ಲಿಯೂ ಇದನ್ನೆಲ್ಲ ಹೇಗೋ ಕೇಳಿ, ರಜಾಕಾರರ ವರುಷವೂ ತಮ್ಮ ಮನೆಯಲ್ಲಿ ಚರಗ ನಿಂತಿರಲಿಲ್ಲವೆಂದಳು. ೧೯೪೮ರ ಮೇ ತಿಂಗಳಲ್ಲಿ ಇದೇ ಸೀಮೆಯ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳನ್ನು ನೆನೆದರೆ ಇಂದಿಗೂ ಇಲ್ಲಿಯ ಹಿರಿಯರು ದನಿ ತಗ್ಗಿಸುವರು. ಆ ವರುಷ ದುಃಖವಿಲ್ಲದ ಮನೆಯನ್ನು ಹುಡುಕಬೇಕಾಗಿತ್ತು.

ಎಲ್ಲರೂ ನಮ್ಮ ಮುಖವನ್ನು ನೋಡಿದರು. ಅಷ್ಟರಲ್ಲಿ ಒಳಗಿನಿಂದ ಅಕ್ಕನವರ ಮಾತು: “ಬಸುರಿ ಹೆಣ್ಣಿಗೆ ಉಣ್ಣಲಿಕ್ಕೆ ಇಡಬ್ಯಾಡ ಅಂತ ನಿನ್ನ ಯಾವ ಪುಸ್ತಕ ಹೇಳ್ತದ, ತಮ್ಮಾ?”

ಯಾವ ಪುಸ್ತಕವೂ ಹೇಳುವುದಿಲ್ಲ. ಕಾರುಶಿಲ್ಪಿಗಳಿಗೆ, ವೈದ್ಯರಿಗೆ, ಸೇವಕರಿಗೆ ತಮ್ಮತಮ್ಮ ಕೆಲಸದ ಮಟ್ಟಿಗೆ ಆ ಕ್ಷಣವೇ ಶುದ್ಧಿಯೆಂದು ಧರ್ಮಶಾಸ್ತ್ರವು ಒಪ್ಪಿದೆ. ಕೆಲಸ ನಿಂತರೆ ಲೋಕ ನಿಲ್ಲುವುದೆಂಬುದು ಅದರ ಅಭಿಪ್ರಾಯ. ಒಕ್ಕಲಿಗನಿಗೆ ಹೊಲದ ಕೆಲಸ ಅದಕ್ಕಿಂತ ಕಡಮೆಯದೆ? ಹೋಳಿಗೆಯು ಮನೆಯವರ ಸಂತೋಷಕ್ಕಾಗಿ. ಅದನ್ನು ಬಿಡಬಹುದು, ಬಿಡತಕ್ಕದ್ದು. ಚರಗವು ನೆಲದ ಪಾಲು. ಅದನ್ನು ತಡೆಯಲು ನಾವು ಯಾರು? ಇನ್ನು ವರುಷದ ವ್ರತವು ಕುಲದವರನ್ನು ಕಟ್ಟುವುದು. ಮಗಳ ಮಗಳು ಬೇರೆ ಗೋತ್ರದವಳು. ತಾಯಿಯ ತಂದೆ ತೀರಿದರೆ ಅವಳಿಗೆ ಆಚಾರದಂತೆ ಮೂರೇ ದಿನ. ಆದುದರಿಂದ ಅಡಿಗೆ ನೆರೆಮನೆಯದಾಗಲಿ, ಚೆಲ್ಲುವ ಕೈ ಆ ಹುಡುಗಿಯದಾಗಲಿ, ಮಗನು ನೀರು ಹಿಡಿದು ಹಿಂದೆ ನಡೆಯಲಿ ಎಂದು ನಾವು ಹೇಳಿದೆವು. ಹೆಣ್ಣುಮಗಳು ಚರಗ ಚೆಲ್ಲುವುದನ್ನು ಕಂಡಿಲ್ಲವೆಂದು ದಾಯಾದಿಗಳು ಗೊಣಗಿದರು. ಗೋತ್ರದ ಮಾತನ್ನು ಮಾತ್ರ ತಳ್ಳಿಹಾಕಲಾರದೆ ಹೋದರು.

ಶುಕ್ರವಾರ ಬೆಳಿಗ್ಗೆ ಮಂಜು ಇನ್ನೂ ಹರಿಯುವ ಮುಂಚೆ ಬಂಡಿಗಳೂ ಟ್ರ್ಯಾಕ್ಟರುಗಳೂ ಹೊರಟುವು. ಅಕ್ಕನವರು ಬರಲಿಲ್ಲ, ಹೊಸ್ತಿಲ ವರೆಗೆ ಬಂದು, ಕಂಬಕ್ಕೆ ಆನಿಸಿದ್ದ ಕೋಲನ್ನು ತೆಗೆದು ಹುಡುಗಿಯ ಕೈಗೆ ಕೊಟ್ಟರು. ಹೊಲದಲ್ಲಿ ನೆರೆಯವರು ಗುಡಿಸಲನ್ನು ಆಗಲೇ ಕಟ್ಟಿದ್ದರು. ಐದು ಕಲ್ಲುಗಳಿಗೆ ಸುಣ್ಣ ಹಚ್ಚುವಾಗ ಹೈದರಾಬಾದಿನ ಹುಡುಗರು ತಮ್ಮ ಮೂಗಿಗೂ ಹಚ್ಚಿಕೊಂಡರು. ಹುಡುಗಿಯು ಸೊಂಟಕ್ಕೆ ಬುಟ್ಟಿಯಿಟ್ಟು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ನಡೆದಳು. ಹಿಂದೆ ಆ ಇಬ್ಬರು ಹುಡುಗರು. ಅವರ ಹಿಂದೆ ಚರಿಗೆ ಹಿಡಿದ ಮಗ. ಎಲ್ಲರ ಹಿಂದೆ ನಾವು. ತೆಂಕಣ ಮೂಲೆಯಲ್ಲಿ ಮಗನು ಬದುವಿನ ಈಚೆಗೇ ತಿರುಗಹೋದನು. “ಮಾಮಾ, ಅಲ್ಲಲ್ಲ, ಆ ಬನ್ನಿಗಿಡದ ತನಕಾ ನಮ್ಮದು. ಅಜ್ಜ ಅಲ್ಲಿಗೇ ಹೋಗಿ ತಿರಗ್ತಿದ್ರು” ಎಂದಳು. ನೆರೆಯ ಒಕ್ಕಲಿಗರ ಕಡೆ ನೋಡಿದೆವು. ಬದುವಿನ ಆಚೆಯ ತುಂಡು ಅವರ ಹೊಲಕ್ಕೆ ಹೊಂದಿದ್ದು, ಸುಮ್ಮನಿದ್ದರೂ ಇರಬಹುದಿತ್ತು. “ಖರೇ ಅದರಿ, ಬನ್ನಿಗಿಡದ ತನಕಾ” ಎಂದು ಅವರೂ ಅಂದರು. ಮಗನು ಬನ್ನಿಯ ಬುಡಕ್ಕೆ ಹೋಗಿ ನೀರು ಬಿಟ್ಟನು. ಅಲ್ಲಿ ಅವನು ಅತ್ತನು. ತಂದೆ ಹೋದ ದಿನ ಅತ್ತಿರಲಿಲ್ಲ. ಹುಡುಗಿಯು ಬುಟ್ಟಿಯನ್ನು ಕೆಳಗಿಡದೆ ನಿಂತಿದ್ದು, ಅವನು ಮುಗಿಸಿದ ಮೇಲೆ ಮುಂದಕ್ಕೆ ಹೊರಟಳು. ಸುತ್ತಣ ಹೊಲಗಳಿಂದ ಚರಗದ ಕೂಗು ಕೇಳಿಬರುತ್ತಿತ್ತು. ನಮ್ಮ ಹೊಲದಲ್ಲಿ ಕೂಗಲಿಲ್ಲ, ಚೆಲ್ಲಿದೆವು ಅಷ್ಟೆ.

ಊಟವಾದ ಮೇಲೆ ನೆರೆಯವರು ಬೇವಿನ ಕೊಂಬೆಗೆ ಜೋಕಾಲಿ ಕಟ್ಟಿದರು. ಮಕ್ಕಳು ಹೊತ್ತು ಮುಳುಗುವ ವರೆಗೆ ಇಳಿಯಲಿಲ್ಲ. ಹುಡುಗಿಯೂ ಏರಿದಳು, ಜೋಳದ ತೆನೆಗಳ ಮೇಲಕ್ಕೆ ಅವಳ ತಲೆ ಒಮ್ಮೆ ಕಾಣುವುದು, ಒಮ್ಮೆ ಮರೆಯಾಗುವುದು. ನಗುತ್ತಿದ್ದಳು.

೨೫ರಂದು, ಹೊಲಕ್ಕೆ ಕಳೆ ತೆಗೆಯಲು ಬರುವ ಹೆಂಗಸರಲ್ಲಿ ಒಬ್ಬಾಕೆ, ಕ್ರೈಸ್ತಳು, ಮಕ್ಕಳಿಗೆಂದು ಕರ್ಜಿಕಾಯಿ ತಂದಳು. ಈ ಜಿಲ್ಲೆಯ ಹಳ್ಳಿಗಳಲ್ಲಿ ಮೆಥೋಡಿಸ್ಟ್ ಪಂಥದ ಕ್ರೈಸ್ತರು ಬಹಳ ಜನರಿರುವರು. ಹಬ್ಬದ ಮನೆಯವರು ದುಃಖದ ಮನೆಗೆ ಸಿಹಿ ಕೊಡಬಾರದೆಂದು ಅವಳೂ ಕೇಳಿಬಲ್ಲಳು. ಆದುದರಿಂದ ಅಂಗಳದಲ್ಲಿಯೇ ನಿಂತು, ಬಾಯಾರಿಗಲ್ಲ, ಮಕ್ಕಳಿಗೆ ಎಂದಳು. ಮಕ್ಕಳು ಅಂಗಳಕ್ಕೆ ಓಡಿದರು.

ಮಗನ ಮನೆಯವರು ಹುಮನಾಬಾದದಿಂದ ಹೊರಟರು. ೨೦೧೭ರಲ್ಲಿ ಬೀದರ ಕಲಬುರಗಿ ರೈಲುಮಾರ್ಗವು ಪೂರ್ತಿಯಾದಂದಿನಿಂದ ಆ ನಿಲ್ದಾಣಕ್ಕೆ ಜೀವ ಬಂದಿದೆ. ಹೊಲವನ್ನು ಆ ವರುಷ ನೆರೆಯವರಿಗೆ ಪಾಲಿಗೆ ಕೊಟ್ಟರು. ಮಾರುವ ಮಾತು ಬರಲಿಲ್ಲ. ಅಕ್ಕನವರೂ ಹೈದರಾಬಾದಿಗೆ ಹೋಗಲಿಲ್ಲ. ಶಿವರಾತ್ರಿ ಕಳೆದ ಮೇಲೆ ಜೋಳವನ್ನು ಕೊಯ್ದು ರಾಶಿ ಮಾಡಿದರು. ಪಾಲಿಗೆ ಹನ್ನೊಂದು ಚೀಲ ಬಂದಿತು, ಅದರಲ್ಲಿ ಒಂದನ್ನು ನಮಗೆ ಕಳಿಸಿದರು. ೨೦೨೩ರಲ್ಲಿ ವರ್ಷಾಬ್ದಿಕವು ಡಿಸೆಂಬರ ೨೪ಕ್ಕೆ ಬಂದಿತು. ತ್ರಯೋದಶಿಯು ಏಕಾದಶಿಗೂ ಹುಣ್ಣಿಮೆಗೂ ನಡುವೆ ಬೀಳುವುದರಿಂದ, ಮನೆಯಲ್ಲಿ ಶ್ರಾದ್ಧವನ್ನು ಮುಗಿಸಿ, ಎರಡು ದಿನ ಬಿಟ್ಟು, ಅಕ್ಕನವರು ಹುಡುಗಿಯ ಕೈ ಹಿಡಿದು ದತ್ತಜಯಂತಿಗೆ ಮಾಣಿಕನಗರಕ್ಕೆ ಹೋದರು. ನಾವೂ ಜೊತೆಗಿದ್ದೆವು.